ಪಂಪು ನಿಂತ ಮೇಲೂ ಫ್ಲೋ ಮೀಟರ್ ಓಡುತ್ತಿದೆ: ಕಡಲ ನೀರಿನ ಲೈನಿಗೆ ಮ್ಯಾಗ್ನೆಟಿಕ್ ಮೀಟರ್ ಸರಿಯಾಗಿ ಕೂಡಿಸುವುದು ಹೇಗೆ?

ನಿಮ್ಮ ಪ್ರಶ್ನೆಯ ಸಾರ ಇಷ್ಟು: ಕಾರವಾರದ ಹತ್ತಿರ ಮೀನು ಸಂಸ್ಕರಣಾ ಘಟಕ. ಕಂಡೆನ್ಸರ್ ತಂಪು ಮಾಡಲು ಕಡಲ ನೀರು ಎತ್ತುತ್ತೀರಿ. 110 ಎಂಎಂ ಎಚ್‌ಡಿಪಿಇ (ಪ್ಲಾಸ್ಟಿಕ್) ಲೈನು, ಪಂಪ್‌ಹೌಸಿನಿಂದ ಟ್ಯಾಂಕಿಗೆ ಸುಮಾರು 200 ಮೀಟರ್. ಪಂಪು ಗಂಟೆಗೆ 25 ಕ್ಯೂಬಿಕ್ ಮೀಟರ್ ಕೊಡುತ್ತದೆ. ಪಂಪ್‌ಹೌಸಿನೊಳಗೆ, ಪಂಪಿನ ವಾಲ್ವ್ ದಾಟಿದ ಕೂಡಲೇ 100 ಎಂಎಂ ಮ್ಯಾಗ್ನೆಟಿಕ್ ಫ್ಲೋ ಮೀಟರ್ ಕೂಡಿಸಿದ್ದೀರಿ. ಪಂಪು ನಿಂತ ಮೇಲೂ ರೀಡಿಂಗ್ ಕುಣಿಯುತ್ತದೆ, ತಿಂಗಳ ಟೋಟಲ್ ಟ್ಯಾಂಕಿನ ಲೆಕ್ಕಕ್ಕಿಂತ ಹೆಚ್ಚು ಬರುತ್ತದೆ. ಮೀಟರ್ ಹಾಳೇ ಎಂದು ಕೇಳಿದ್ದೀರಿ.

ಹಾಳಾಗಿರುವ ಸಾಧ್ಯತೆ ಕಡಿಮೆ. ಇಂಥ ದೂರುಗಳಲ್ಲಿ ನಾನು ಮೊದಲು ನೋಡುವುದು ಎರಡೇ ಸಂಗತಿ: ಮೀಟರಿನೊಳಗೆ ಪೈಪು ಸದಾ ತುಂಬಿರುತ್ತದೆಯೇ, ಒಳಗಿನ ನೀರಿಗೂ ಮೀಟರಿನ ಬಾಡಿಗೂ ಅರ್ತಿಂಗ್ ಒಂದೇ ಆಗಿದೆಯೇ. ಉಳಿದದ್ದೆಲ್ಲ ಆಮೇಲೆ.

ಮೀಟರ್ ಬಿಚ್ಚಿ ಕಂಪನಿಗೆ ಕಳಿಸುವ ಮುಂಚೆ ಒಂದು ಪರೀಕ್ಷೆ ಮಾಡಿ. ಪಂಪು ಓಡುತ್ತಿರುವಾಗ ಮೀಟರಿನ ಆಚೆಯ (ಟ್ಯಾಂಕಿನ ಕಡೆಯ) ವಾಲ್ವನ್ನು ನಿಧಾನವಾಗಿ ಪೂರ್ತಿ ಮುಚ್ಚಿ, ತಕ್ಷಣ ಪಂಪು ನಿಲ್ಲಿಸಿ, ಈಚೆಯ (ಪಂಪಿನ ಕಡೆಯ) ವಾಲ್ವನ್ನೂ ಮುಚ್ಚಿ. ಈಗ ಮೀಟರಿನಲ್ಲಿ ನೀರು ತುಂಬಿದೆ, ಆದರೆ ಅಲುಗಾಡುತ್ತಿಲ್ಲ. ಐದು ನಿಮಿಷ ಕಾದು ರೀಡಿಂಗ್ ನೋಡಿ. ಸೊನ್ನೆಗೆ ಬಂದು ನಿಂತರೆ ಮೀಟರ್ ಸರಿ ಇದೆ, ಪಂಪು ನಿಂತಾಗ ನಿಮ್ಮ ಪೈಪು ಖಾಲಿಯಾಗುತ್ತಿದೆ ಎಂದರ್ಥ. ನೀರು ತುಂಬಿ ನಿಂತಿದ್ದರೂ ಮೇಲೆ ಕೆಳಗೆ ಹಾರುತ್ತಿದ್ದರೆ ತೊಂದರೆ ಅರ್ತಿಂಗಿನದ್ದು, ಇಲ್ಲವೇ ಕೇಬಲ್ಲಿನದ್ದು. ಹಾರದೆ ಒಂದೇ ಸಣ್ಣ ಸಂಖ್ಯೆಯಲ್ಲಿ ನಿಂತರೆ ಝೀರೋ (ನಿಂತ ನೀರಿಗೆ ಸೊನ್ನೆ ತೋರಿಸುವ ಹೊಂದಾಣಿಕೆ) ಸೆಟ್ ಆಗಿಲ್ಲ, ಅಥವಾ ವಾಲ್ವ್ ಸೋರುತ್ತಿದೆ. ಒಂದು ಕಡೆ ಮಾತ್ರ ವಾಲ್ವ್ ಇದ್ದರೆ ಈ ಪರೀಕ್ಷೆ ನಂಬುವಂತಿಲ್ಲ, ಎರಡನೆಯದನ್ನು ಹಾಕಿಸಿಕೊಳ್ಳಿ. ಮುಂದೆ ಝೀರೋ ಮಾಡಲಿಕ್ಕೂ ಅದು ಬೇಕೇ ಬೇಕು.

ಖಾಲಿ ಪೈಪು ಏಕೆ ಹುಚ್ಚು ರೀಡಿಂಗ್ ಕೊಡುತ್ತದೆ? ಈ ಮೀಟರಿನಲ್ಲಿ ಕಾಯಿಲ್ ಒಂದು ಕಾಂತಕ್ಷೇತ್ರ ಹುಟ್ಟಿಸುತ್ತದೆ. ಅದರೊಳಗೆ ವಿದ್ಯುತ್ ಹರಿಯಬಲ್ಲ ನೀರು ಚಲಿಸಿದಾಗ ಎರಡು ಎಲೆಕ್ಟ್ರೋಡುಗಳ ನಡುವೆ ವೇಗಕ್ಕೆ ತಕ್ಕ ಸಣ್ಣ ವೋಲ್ಟೇಜ್ ಬರುತ್ತದೆ. ಅದು ಮಿಲಿವೋಲ್ಟ್ ಮಟ್ಟದ್ದು. ನೀರಿಲ್ಲದಿದ್ದರೆ ಎಲೆಕ್ಟ್ರೋಡುಗಳು ತೆರೆದ ತಂತಿಯ ತುದಿಗಳಾಗುತ್ತವೆ, ಸುತ್ತಲಿನ ಮೋಟಾರು, ವಿಎಫ್‌ಡಿಗಳ (ಮೋಟಾರಿನ ವೇಗ ಬದಲಿಸುವ ಡ್ರೈವ್‌ಗಳ) ವಿದ್ಯುತ್ ಗದ್ದಲವನ್ನೆಲ್ಲ ಹಿಡಿದು ಅದನ್ನೇ ಹರಿವು ಎಂದು ತೋರಿಸುತ್ತವೆ.

ಟೋಟಲ್ ಹೆಚ್ಚು ಬರುವುದಕ್ಕೂ ಇದೇ ಮೂಲ ಎಂದು ನನ್ನ ಅನುಮಾನ. ನಿಮ್ಮ ಎನ್‌ಆರ್‌ವಿ (ನೀರು ಹಿಂದೆ ಬರದಂತೆ ತಡೆಯುವ ವಾಲ್ವ್) ಅಥವಾ ಸಕ್ಷನ್ ಪೈಪಿನ ತುದಿಯ ಫುಟ್ ವಾಲ್ವಿನಲ್ಲಿ ಚಿಪ್ಪಿ ಚೂರೋ ಮರಳೋ ಸಿಕ್ಕಿ ಪೂರ್ತಿ ಮುಚ್ಚುತ್ತಿಲ್ಲ, ಪಂಪು ನಿಂತಾಗ ಲೈನಿನ ನೀರು ಹಿಂದಕ್ಕೆ ಕಡಲಿಗೇ ಹೋಗುತ್ತಿದೆ ಎಂದಿಟ್ಟುಕೊಳ್ಳಿ. 110 ಎಂಎಂ ಎನ್ನುವುದು ಎಚ್‌ಡಿಪಿಇ ಪೈಪಿನ ಹೊರ ಅಳತೆ. 10 ಕೆಜಿ ಒತ್ತಡದ ಪೈಪಾದರೆ ಒಳ ವ್ಯಾಸ ಸುಮಾರು 97 ಎಂಎಂ, ಅಂದರೆ ಪೈಪಿನ ಒಂದೊಂದು ಮೀಟರ್ ಉದ್ದಕ್ಕೆ 7.4 ಲೀಟರ್ ನೀರು. 200 ಮೀಟರಿಗೆ ಹತ್ತಿರ ಹತ್ತಿರ 1,500 ಲೀಟರ್. ಪಂಪು ದಿನಕ್ಕೆ ಹತ್ತು ಸಲ ಶುರುವಾದರೆ ಅದೇ ಲೈನನ್ನು ಹತ್ತು ಸಲ ತುಂಬಿಸಬೇಕು, 15 ಕ್ಯೂಬಿಕ್ ಮೀಟರ್ ಮೀಟರಿನಲ್ಲಿ ಎಣಿಕೆಯಾಗಿಯೂ ಟ್ಯಾಂಕಿಗೆ ಬಂದಿರುವುದಿಲ್ಲ. ಮೀಟರಿನ ಟೋಟಲೈಸರ್ (ಒಟ್ಟು ಲೆಕ್ಕದ) ಮೆನುವಿನಲ್ಲಿ ಫಾರ್ವರ್ಡ್, ರಿವರ್ಸ್, ನೆಟ್ ಎಂದು ಮೂರು ಲೆಕ್ಕ ಇರುತ್ತವೆ. ರಿವರ್ಸ್ ಲೆಕ್ಕದಲ್ಲಿ ದೊಡ್ಡ ಸಂಖ್ಯೆ ಇದ್ದರೆ ಕಳ್ಳ ಸಿಕ್ಕಿದ ಹಾಗೆಯೇ. ಮೊದಲು ಎನ್‌ಆರ್‌ವಿ ಬಿಚ್ಚಿ ತೊಳೆಯಿರಿ, ಸೀಟ್ ಸವೆದಿದ್ದರೆ ಬದಲಿಸಿ.

ಇನ್ನು ಜಾಗದ ವಿಷಯ. ಪಂಪು ಮತ್ತು ವಾಲ್ವಿಗೆ ಒತ್ತಿಕೊಂಡೇ ಮೀಟರ್ ಕೂಡಿಸಿದ್ದು ತಪ್ಪು. ಅಲ್ಲಿ ನೀರು ಸುಳಿ ಸುತ್ತುತ್ತ ಬರುತ್ತದೆ, ಪೈಪಿನ ಒಂದು ಪಕ್ಕ ವೇಗ ಹೆಚ್ಚು, ಇನ್ನೊಂದು ಪಕ್ಕ ಕಡಿಮೆ. ಬೆಂಡಿನ ನಂತರವಾದರೆ ಕನಿಷ್ಠ ವ್ಯಾಸದ 5 ಪಟ್ಟು, ಪಂಪು ಅಥವಾ ಅರ್ಧ ತೆರೆದ ವಾಲ್ವಿನ ನಂತರವಾದರೆ 10 ಪಟ್ಟು ನೇರ ಪೈಪು ಬೇಕು, ಮೀಟರಿನ ಆಚೆಗೆ 3 ಪಟ್ಟು. ನಿಮ್ಮ ಲೈನಿಗೆ ಈಚೆ ಒಂದು ಮೀಟರ್ ಉದ್ದ, ಆಚೆ 300 ಎಂಎಂ. ಹರಿವು ಹೊಂದಿಸುವ ವಾಲ್ವ್ ಯಾವಾಗಲೂ ಮೀಟರಿನ ಆಚೆ ಇರಲಿ, ಈಚೆಯದ್ದು ಪೂರ್ತಿ ತೆರೆದಿರಲಿ.

ನೀರು ಕೆಳಗಿನಿಂದ ಮೇಲಕ್ಕೆ ಏರುವ ಲಂಬ ಪೈಪು ಸಿಕ್ಕರೆ ಅಲ್ಲೇ ಕೂಡಿಸಿ, ಬೇರೆ ಯೋಚನೆಯೇ ಬೇಡ. ಅಲ್ಲಿ ಗಾಳಿ ಮೇಲಕ್ಕೆ ಹೋಗುತ್ತದೆ, ಮರಳು ಒಂದೇ ಬದಿ ಕೂರುವುದಿಲ್ಲ. ಮಳೆಗಾಲದಲ್ಲಿ ಕಾಳಿ ನದಿ ಕೆಂಪಾಗಿ ಹರಿಯುವಾಗ ಅಳಿವೆಯ ಆಸುಪಾಸಿನ ನೀರಿನಲ್ಲಿ ಹೂಳು ವಿಪರೀತ, ಅಡ್ಡ ಪೈಪಿನಲ್ಲಿ ಅದು ತಳಕ್ಕೆ ಕೂರುತ್ತದೆ. ಅಡ್ಡ ಪೈಪಿನಲ್ಲೇ ಕೂಡಿಸಬೇಕಾದರೆ ಎಲೆಕ್ಟ್ರೋಡುಗಳು ಎಡ-ಬಲಕ್ಕೆ ಬರುವಂತೆ ಇಡಿ. ಮೇಲೆ-ಕೆಳಗೆ ಬಂದರೆ ಮೇಲಿನದಕ್ಕೆ ಗಾಳಿಗುಳ್ಳೆ, ಕೆಳಗಿನದಕ್ಕೆ ಹೂಳು. ಲೈನಿನ ಅತಿ ಎತ್ತರದ ಜಾಗ, ಟ್ಯಾಂಕಿಗೆ ಬಾಯಿ ತೆರೆದು ಬೀಳುವ ತುದಿ, ನೀರು ಇಳಿಯುವ ಲಂಬ ಪೈಪು, ಪಂಪಿನ ಸಕ್ಷನ್ ಕಡೆ, ಇವು ನಾಲ್ಕೂ ಬೇಡ. ಬೇರೆ ದಾರಿಯೇ ಇಲ್ಲವೆಂದರೆ ಪೈಪನ್ನು ಕೆಳಗಿಳಿಸಿ ಮತ್ತೆ ಮೇಲೆತ್ತಿ, ಆ ತಗ್ಗಿನಲ್ಲಿ ಮೀಟರ್ ಇಡಿ. ಪಂಪು ನಿಂತರೂ ಅಲ್ಲಿ ನೀರು ಉಳಿಯುತ್ತದೆ.

ಅಳತೆಯ ಬಗ್ಗೆ: 100 ಎಂಎಂ ಮೀಟರಿನಲ್ಲಿ ಸೆಕೆಂಡಿಗೆ 1 ಮೀಟರ್ ವೇಗ ಎಂದರೆ ಗಂಟೆಗೆ 28.3 ಕ್ಯೂಬಿಕ್ ಮೀಟರ್, 80 ಎಂಎಂನಲ್ಲಿ 18.1. ನಿಮ್ಮ 25ಕ್ಕೆ ಮೊದಲನೆಯದರಲ್ಲಿ 0.88, ಎರಡನೆಯದರಲ್ಲಿ 1.38 ಮೀಟರ್ ವೇಗ ಬರುತ್ತದೆ. ಎರಡೂ ನಡೆಯುತ್ತದೆ, ಇದ್ದದ್ದನ್ನೇ ಇಟ್ಟುಕೊಳ್ಳಿ. ಆದರೆ ವಿಎಫ್‌ಡಿಯಲ್ಲಿ ಪಂಪನ್ನು ಇಳಿಸಿ ಗಂಟೆಗೆ 8 ಕ್ಯೂಬಿಕ್ ಮೀಟರಿಗೆ ಓಡಿಸುವ ಪದ್ಧತಿ ಇದ್ದರೆ ವೇಗ 0.3ಕ್ಕಿಂತ ಕೆಳಗೆ ಹೋಗಿ ದೋಷ ಬೆಳೆಯುತ್ತದೆ. ಆಗ 80 ಎಂಎಂ ಒಳ್ಳೆಯದು. ಅದಕ್ಕೆ ಪೈಪು ಕಿರಿದು ಮಾಡುವ ರೆಡ್ಯೂಸರ್ ಬೇಕು, ಅದರ ಓರೆ ಒಂದೊಂದು ಪಕ್ಕಕ್ಕೆ 8 ಡಿಗ್ರಿ ಮೀರದಂತೆ ನೋಡಿಕೊಳ್ಳಿ. ಹೊಸದು ತರಿಸುವುದಾದರೆ ಫ್ಲೇಂಜ್ ಯಾವ ಮಾನದಂಡದ್ದು, ತೂತು ಎಷ್ಟು ಎಂದು ಮೊದಲೇ ಹೇಳಿ: 80 ಎಂಎಂ ಪಿಎನ್ 16 ಫ್ಲೇಂಜಿಗೆ 8 ತೂತು, ಅದೇ 3 ಇಂಚಿನ ಎಎನ್‌ಎಸ್‌ಐ 150ಕ್ಕೆ 4. ಸಾಮಾನು ಸೈಟಿಗೆ ಬಂದ ಮೇಲೆ ಇದು ಗೊತ್ತಾದರೆ ಕೆಲಸ ವಾರಗಟ್ಟಲೆ ನಿಲ್ಲುತ್ತದೆ.

ಅರ್ತಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಪ್ಲಾಸ್ಟಿಕ್ ಪೈಪಿನ ಲೈನುಗಳಲ್ಲಿ ಹೆಚ್ಚಿನವರು ಬಿಡುವುದು ಇದನ್ನೇ. ಕಬ್ಬಿಣದ ಪೈಪಾದರೆ ನೀರು ಪೈಪಿಗೆ ತಾಗಿಯೇ ಇರುತ್ತದೆ, ಪೈಪಿನ ಫ್ಲೇಂಜಿನಿಂದ ಮೀಟರಿಗೆ ತಂತಿ ಕಟ್ಟಿದರೆ ಸಾಕು. ಎಚ್‌ಡಿಪಿಇ ಪೈಪಿನಲ್ಲಿ ನೀರಿಗೂ ನೆಲಕ್ಕೂ ಸಂಬಂಧವೇ ಇಲ್ಲ. ಹಾಗಾಗಿ ಮೀಟರಿನ ಎರಡೂ ಬದಿಗೆ ನೀರನ್ನು ಅರ್ತಿಗೆ ಸೇರಿಸುವ ಲೋಹದ ಬಳೆ, ಅಂದರೆ ಗ್ರೌಂಡಿಂಗ್ ರಿಂಗ್, ಒಂದೊಂದು ಬೇಕು. ಜೋಡಣೆಯ ಕ್ರಮ: ಪೈಪಿನ ಫ್ಲೇಂಜ್, ಗ್ಯಾಸ್ಕೆಟ್, ರಿಂಗ್, ಗ್ಯಾಸ್ಕೆಟ್, ಮೀಟರ್. ರಿಂಗಿನ ಒಳ ಅಂಚು ನೀರಿಗೆ ತಾಗಲೇಬೇಕು. ಎರಡೂ ರಿಂಗು ಮತ್ತು ಮೀಟರಿನ ಅರ್ತ್ ಸ್ಕ್ರೂವನ್ನು ಕನಿಷ್ಠ 4 ಸ್ಕ್ವೇರ್ ಎಂಎಂ ತಾಮ್ರದ ತಂತಿಯಿಂದ ಸೇರಿಸಿ, ಅಲ್ಲಿಂದ ಒಂದೇ ತಂತಿಯನ್ನು ಅರ್ತ್ ಪಿಟ್ಟಿಗೆ ಒಯ್ಯಿರಿ. ಬಣ್ಣದ ಮೇಲೆ ಲಗ್ ಬಿಗಿದರೆ ಪ್ರಯೋಜನವಿಲ್ಲ, ಲೋಹ ಕಾಣುವ ತನಕ ಉಜ್ಜಿ ಬಿಗಿದು, ಮೇಲೆ ಗ್ರೀಸ್ ಬಳಿಯಿರಿ. ಮೋಟಾರು ಅಥವಾ ವಿಎಫ್‌ಡಿಯ ಅರ್ತ್ ತಂತಿಗೆ ಇದನ್ನು ಗಂಟು ಹಾಕಬೇಡಿ.

ಪಿಟ್ಟಿನ ರೆಸಿಸ್ಟೆನ್ಸ್ 10 ಓಮ್‌ಗಿಂತ ಕಡಿಮೆ ಇರಲಿ. ನಮ್ಮ ಕಡೆಯ ಚಿರೆಕಲ್ಲಿನ ನೆಲ ಮಳೆಗಾಲದಲ್ಲಿ ಚೆನ್ನಾಗಿ ಅಳತೆ ಕೊಡುತ್ತದೆ, ಏಪ್ರಿಲ್-ಮೇ ಹೊತ್ತಿಗೆ ಒಣಗಿ ಎಷ್ಟೋ ಪಟ್ಟು ಏರುತ್ತದೆ. ಅಳೆಯುವುದಾದರೆ ಬೇಸಿಗೆಯಲ್ಲಿ ಅಳೆಯಿರಿ, ಪಿಟ್ಟಿಗೆ ನೀರು ಹಾಕುವ ಪರಿಪಾಠ ಇಟ್ಟುಕೊಳ್ಳಿ.

ಕಡಲ ನೀರಿಗೆ ಎಲೆಕ್ಟ್ರೋಡಿನ ಲೋಹವೂ ಮುಖ್ಯ. ನೇಮ್‌ಪ್ಲೇಟಿನಲ್ಲಿ ಎಸ್‌ಎಸ್ 316 (ಸ್ಟೇನ್‌ಲೆಸ್ ಸ್ಟೀಲ್) ಎಂದಿದ್ದರೆ ಅದು ಕ್ಲೋರೈಡಿಗೆ ಸೂಜಿಮೊನೆಯಷ್ಟು ತೂತು ಬಿದ್ದು ಕೊರೆಯುತ್ತದೆ, ಕೊನೆಗೆ ನೀರು ಕಾಯಿಲ್ ಇರುವ ಕೋಣೆಗೆ ಇಳಿಯುತ್ತದೆ. ಹ್ಯಾಸ್ಟೆಲಾಯ್ ಸಿ (ನಿಕ್ಕಲ್ ಮಿಶ್ರಲೋಹ) ಅಥವಾ ಟೈಟಾನಿಯಂ ಇರಬೇಕು, ಗ್ರೌಂಡಿಂಗ್ ರಿಂಗೂ ಅದೇ ಲೋಹದ್ದು. ದುಡ್ಡು ಉಳಿಸಲು ರಿಂಗ್ ಮಾತ್ರ ಸ್ಟೀಲಿನದು ಹಾಕಿದರೆ ಮೊದಲು ಅದು ಹೋಗುತ್ತದೆ, ಜೊತೆಗೆ ಎರಡು ಲೋಹಗಳ ನಡುವಿನ ವೋಲ್ಟೇಜ್ ರೀಡಿಂಗಿಗೂ ತೊಂದರೆ. ಮೀಟರಿನ ಒಳಗೋಡೆಯ ಪದರ, ಅಂದರೆ ಲೈನಿಂಗ್, ಹಾರ್ಡ್ ರಬ್ಬರ್ ಆದರೆ ಕಡಲ ನೀರಿಗೆ ಸಾಕು.

ಬೋಲ್ಟ್ ಬಿಗಿಯುವಾಗ ಎದುರುಬದುರು ಜೋಡಿಯಾಗಿ, ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚಿನಿಂದ ಬಿಗಿಯಿರಿ, ಅಳತೆ ಮೀಟರಿನ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಪಿಟಿಎಫ್‌ಇ (ಟೆಫ್ಲಾನ್) ಲೈನಿಂಗ್ ಆದರೆ ಮರುದಿನ ಇನ್ನೊಮ್ಮೆ ನೋಡಿ, ಅದು ಒತ್ತಡಕ್ಕೆ ಸ್ವಲ್ಪ ಜರುಗುತ್ತದೆ. ಅದರ ಮುಖಕ್ಕೆ ಹಾಕಿದ ರಕ್ಷಣೆಯ ಮುಚ್ಚಳವನ್ನು ಕೂಡಿಸುವ ಕ್ಷಣದವರೆಗೂ ತೆಗೆಯಬೇಡಿ. ಗ್ರಾಫೈಟ್ ಗ್ಯಾಸ್ಕೆಟ್ ಬೇಡವೇ ಬೇಡ, ಅದರ ಪುಡಿ ಒಳಗೋಡೆಗೆ ಅಂಟಿ ವೋಲ್ಟೇಜನ್ನು ಶಾರ್ಟ್ ಮಾಡುತ್ತದೆ. ಗ್ಯಾಸ್ಕೆಟ್ ಒಳಗೆ ಚಾಚಿಕೊಂಡಿರಬಾರದು. ಮೀಟರನ್ನು ಡಿಸ್‌ಪ್ಲೇ ಡಬ್ಬಿ ಹಿಡಿದು ಎತ್ತಬಾರದು. ಪಕ್ಕದಲ್ಲಿ ವೆಲ್ಡಿಂಗ್ ಇದ್ದರೆ ಮೀಟರ್ ತೆಗೆದು ಅದೇ ಉದ್ದದ ಪೈಪಿನ ತುಂಡು ಹಾಕಿ ಕೆಲಸ ಮುಗಿಸಿ. ಆ ತುಂಡನ್ನು ಎಸೆಯಬೇಡಿ, ಮುಂದೆ ಮೀಟರ್ ಕ್ಯಾಲಿಬ್ರೇಷನ್‌ಗೆ ಹೋದಾಗ ಬೇಕಾಗುತ್ತದೆ.

ನಮ್ಮ ಮಳೆಗೆ ಮೀಟರ್ ಸಾಯುವುದು ಹೆಚ್ಚಾಗಿ ಕೇಬಲ್ ಒಳಹೋಗುವ ಬಾಯಿಯ, ಅಂದರೆ ಕೇಬಲ್ ಗ್ಲ್ಯಾಂಡಿನ, ಮೂಲಕ. ಗ್ಲ್ಯಾಂಡಿನ ಬಾಯಿ ಕೆಳಮುಖವಾಗಿರಲಿ, ಕೇಬಲ್ ಒಳಹೋಗುವ ಮುಂಚೆ ಕೆಳಗೆ ಜೋತು ಮತ್ತೆ ಮೇಲೇರಲಿ, ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಬಳಸದ ತೂತಿಗೆ ಸಾಗಣೆಗೆಂದು ಬಂದ ಪ್ಲಾಸ್ಟಿಕ್ ಮುಚ್ಚಳ ಹಾಗೇ ಬಿಡಬೇಡಿ, ಲೋಹದ ಪ್ಲಗ್ ಹಾಕಿ. ಆಷಾಢದಲ್ಲಿ ನೀರು ನಿಲ್ಲುವ ಗುಂಡಿಯಾದರೆ ಸೆನ್ಸರ್ ಐಪಿ 68 (ನೀರಿನಲ್ಲಿ ಮುಳುಗಿದರೂ ತಡೆಯುವ ದರ್ಜೆ) ಇದ್ದು, ಡಿಸ್‌ಪ್ಲೇ ಬೇರೆಯಾಗಿ ಗೋಡೆಯ ಮೇಲೆ ಸೂರಿನಡಿ ಇರಲಿ. ಹೀಗೆ ಬೇರ್ಪಡಿಸಿದಾಗ ಸೆನ್ಸರಿನ ಕ್ಯಾಲಿಬ್ರೇಷನ್ ಫ್ಯಾಕ್ಟರ್ ಮತ್ತು ಡಿಸ್‌ಪ್ಲೇಯಲ್ಲಿ ತುಂಬಿದ ಸಂಖ್ಯೆ ಒಂದೇ ಇದೆಯೇ ನೋಡಿ. ಸಿಗ್ನಲ್ ಕೇಬಲ್ ಕಂಪನಿಯದ್ದೇ ಇರಲಿ, ಪವರ್ ಕೇಬಲ್ಲಿನಿಂದ ಒಂದಡಿ ದೂರ, ದಾಟಲೇಬೇಕಾದರೆ ನೇರ ಅಡ್ಡಕ್ಕೆ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿಗೆ ಪವರ್ ಮತ್ತು ಸಿಗ್ನಲ್ ಎರಡಕ್ಕೂ ಸರ್ಜ್ ಪ್ರೊಟೆಕ್ಟರ್ ಹಾಕಿಸಿ.

ಚಾಲೂ ಮಾಡುವಾಗ ನೀರು ನಿಧಾನವಾಗಿ ಬಿಟ್ಟು ಗಾಳಿ ಹೊರಹಾಕಿ. ಮೀಟರಿನ ಬಾಣದ ಗುರುತು ಹರಿವಿನ ದಿಕ್ಕಿಗೆ ಇದೆಯೇ ನೋಡಿ. ಪೈಪು ತುಂಬಿ, ಎರಡೂ ವಾಲ್ವ್ ಮುಚ್ಚಿ, ನೀರು ಪೂರ್ತಿ ನಿಂತ ಮೇಲೆ ಝೀರೋ ಮಾಡಿ. ಖಾಲಿ ಪೈಪಿನಲ್ಲಿ ಝೀರೋ ಮಾಡಿದರೆ ಆಮೇಲಿನ ಎಲ್ಲ ಲೆಕ್ಕವೂ ತಪ್ಪು. ಲೋ ಫ್ಲೋ ಕಟಾಫ್ (ಇದಕ್ಕಿಂತ ಕಡಿಮೆ ಹರಿವನ್ನು ಸೊನ್ನೆ ಎಂದೇ ಎಣಿಸುವ ಮಿತಿ) ಪೂರ್ಣ ಅಳತೆಯ 1ರಿಂದ 2 ಶೇಕಡಾ, ಡ್ಯಾಂಪಿಂಗ್ (ರೀಡಿಂಗಿನ ಕುಣಿತ ತಗ್ಗಿಸುವ ಸಮಯ) 3ರಿಂದ 5 ಸೆಕೆಂಡ್ ಸಾಕು. ಕಟಾಫನ್ನು 10 ಶೇಕಡಾಕ್ಕೆ ಏರಿಸಿ ಕುಣಿತ ಮುಚ್ಚಿಹಾಕುವವರಿದ್ದಾರೆ, ಅದು ನಿಜವಾದ ಸಣ್ಣ ಹರಿವನ್ನೂ ನುಂಗುತ್ತದೆ. ಎಂಪ್ಟಿ ಪೈಪ್ ಅಲಾರ್ಮ್ ಚಾಲೂ ಇರಲಿ. ಅಳಿವೆಯ ನೀರು ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಉಪ್ಪು. ಇದರಿಂದ ಹರಿವಿನ ಅಳತೆ ಬದಲಾಗದು, ಆದರೆ ಖಾಲಿ ಪೈಪಿನ ಮಿತಿಯನ್ನು ಎರಡೂ ಕಾಲದಲ್ಲಿ ಒಮ್ಮೊಮ್ಮೆ ಪರೀಕ್ಷಿಸಬೇಕು.

ಪಿಎಲ್‌ಸಿಗೆ (ಘಟಕದ ನಿಯಂತ್ರಣ ಕಂಪ್ಯೂಟರಿಗೆ) 4-20 ಮಿಲಿ ಆಂಪಿಯರ್ ಸಿಗ್ನಲ್ ಕೊಟ್ಟಿದ್ದರೆ ಎರಡೂ ಕಡೆ ರೇಂಜ್ ಒಂದೇ ಇರಲಿ. ಗಂಟೆಗೆ 0-50 ಕ್ಯೂಬಿಕ್ ಮೀಟರ್ ಎಂದು ಇಟ್ಟರೆ 25ಕ್ಕೆ 12, 12.5ಕ್ಕೆ 8 ಮಿಲಿ ಆಂಪಿಯರ್ ಬರಬೇಕು. ತಿಂಗಳ ಲೆಕ್ಕಕ್ಕೆ ಪಲ್ಸ್ ಔಟ್‌ಪುಟ್ಟೇ ಒಳ್ಳೆಯದು. 100 ಲೀಟರಿಗೆ ಒಂದು ಪಲ್ಸ್ ಇಟ್ಟರೆ ನಿಮ್ಮ ಹರಿವಿಗೆ 14 ಸೆಕೆಂಡಿಗೊಂದು ಬರುತ್ತದೆ.

ಎಲ್ಲ ಸರಿಪಡಿಸಿದ ಮೇಲೆ ಟ್ಯಾಂಕಿನಿಂದ ತಾಳೆ ನೋಡಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಟ್ಯಾಂಕಾದರೆ 15 ನಿಮಿಷದಲ್ಲಿ 6.25 ಕ್ಯೂಬಿಕ್ ಮೀಟರ್ ಬಂದು ಮಟ್ಟ 52 ಸೆಂಟಿಮೀಟರ್ ಏರಬೇಕು. ಕಂಡೆನ್ಸರಿಗೆ ಹೋಗುವ ವಾಲ್ವ್ ಮುಚ್ಚಿರಲಿ, ಲೈನು ಮೊದಲೇ ತುಂಬಿರಲಿ. ಟೇಪಿನಲ್ಲಿ 5 ಎಂಎಂ ತಪ್ಪಿದರೆ ಸುಮಾರು 1 ಶೇಕಡಾ ವ್ಯತ್ಯಾಸ, ಹಾಗಾಗಿ 2 ಶೇಕಡಾದೊಳಗೆ ಹೊಂದಿದರೆ ಮೀಟರಿನ ಮೇಲೆ ಅನುಮಾನ ಬೇಡ.

ಕಡಲ ನೀರಿನ ಲೈನಿನಲ್ಲಿ ಚಿಪ್ಪಿ, ಬಾರ್ನಕಲ್ ಕಚ್ಚಿಕೊಂಡು ಒಳ ವ್ಯಾಸ ಕಿರಿದಾದಂತೆ ನೀರಿನ ವೇಗ ಹೆಚ್ಚಿ ರೀಡಿಂಗ್ ಮೇಲಕ್ಕೆ ಜಾರುತ್ತದೆ. ಮಳೆಗಾಲ ಮುಗಿದ ಮೇಲೊಮ್ಮೆ, ಬೇಸಿಗೆಯಲ್ಲೊಮ್ಮೆ ಬಿಚ್ಚಿ ನೋಡಿ. ಮರದ ಚಕ್ಕೆಯಿಂದ ಕೆರೆದು ಬಟ್ಟೆಯಿಂದ ಒರೆಸಿ, ತಂತಿ ಬ್ರಷ್ ತಾಗಿಸಬೇಡಿ. ಶಿರಸಿ, ಸಿದ್ದಾಪುರದ ಕಡೆ ಬೋರ್‌ವೆಲ್ ನೀರಿಗೆ ಇದೇ ಮೀಟರ್ ಹಾಕುವವರು ಎಲೆಕ್ಟ್ರೋಡಿನ ಮೇಲೆ ಕೂರುವ ಕಬ್ಬಿಣದ ಕೆಂಪು ಪದರವನ್ನು ನೋಡಿಕೊಳ್ಳಬೇಕು. ಡೀಸೆಲ್, ಎಣ್ಣೆ, ಬಾಯ್ಲರಿನ ಕಂಡೆನ್ಸೇಟಿಗೆ ಈ ಮೀಟರ್ ಆಗದು, ಅವುಗಳಲ್ಲಿ ವಿದ್ಯುತ್ ಹರಿಯುವುದಿಲ್ಲ, ಅಥವಾ ಸಾಕಷ್ಟು ಹರಿಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಟ್ಯಾಂಕಿನ ಲೆಕ್ಕ ಹೊಂದದಿದ್ದರೆ ಆಗ ಮೀಟರನ್ನು ಎನ್‌ಎಬಿಎಲ್ (ಲ್ಯಾಬುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಲ್ಯಾಬಿಗೆ ಕಳಿಸಿ. ದ್ರವಗಳ ಹರಿವಿನ ಅಳತೆಗೆಂದೇ ಇರುವ ಎಫ್‌ಸಿಆರ್‌ಐ ಸಂಸ್ಥೆ ಕೇರಳದ ಪಾಲಕ್ಕಾಡಿನಲ್ಲಿದೆ. ಕಳಿಸುವ ಮುಂಚೆ ಮೆನುವಿನ ಎಲ್ಲ ಸೆಟ್ಟಿಂಗುಗಳ ಫೋಟೋ ತೆಗೆದಿಟ್ಟುಕೊಳ್ಳಿ, ಸೆನ್ಸರ್ ಮತ್ತು ಡಿಸ್‌ಪ್ಲೇ ಎರಡನ್ನೂ ಜೋಡಿಯಾಗಿಯೇ ಕಳಿಸಿ.