ಗಾಳಿ ಬೆನ್ನಿಗಿರಲಿ: ನಾರ್ಮಂಡಿ ಕಡಲಂಚಿನ ಸೈಕಲ್ ಸವಾರಿ

ಪ್ರಶ್ನೆ: ಮೇ ತಿಂಗಳಲ್ಲಿ ಫ್ರಾನ್ಸಿನಲ್ಲಿರುವ ಮಗಳ ಮನೆಗೆ ಹೋಗುತ್ತಿದ್ದೇವೆ. ಎರಡನೇ ಮಹಾಯುದ್ಧದ ಡಿ-ಡೇ, ಅಂದರೆ ಮಿತ್ರಪಡೆಗಳು ಜರ್ಮನರ ವಿರುದ್ಧ ಕಡಲಿನಿಂದ ಬಂದಿಳಿದ ಕಾರ್ಯಾಚರಣೆ, ನಡೆದ ನಾರ್ಮಂಡಿ ತೀರವನ್ನು ಸೈಕಲ್ಲಿನಲ್ಲಿ ನೋಡುವಾಸೆ. ಇಬ್ಬರೂ ಐವತ್ತು ದಾಟಿದವರು, ದಿನಕ್ಕೆ 40 ಕಿ.ಮೀ. ತುಳಿಯಬಲ್ಲೆವು. ನಾಲ್ಕು ದಿನ ಸಾಕೆ? ಎಲ್ಲಿಂದ ಹೊರಡಬೇಕು?
— ಓದುಗರು, ವಿದ್ಯಾನಗರ, ದಾವಣಗೆರೆ

ಉತ್ತರ: ಸಾಕು, ಆದರೆ ಪಶ್ಚಿಮದಿಂದ ಪೂರ್ವಕ್ಕೆ ಹೋಗಿ. ಅಲ್ಲಿ ಗಾಳಿ ಹೆಚ್ಚಾಗಿ ಪಡುವಣದಿಂದ ಬೀಸುತ್ತದೆ. ಜುಲೈನಲ್ಲಿ ದುರ್ಗದಿಂದ ದಾವಣಗೆರೆ ಕಡೆಗೆ ಹೆದ್ದಾರಿಯಲ್ಲಿ ಪೆಡಲ್ ತುಳಿದಿದ್ದರೆ ಎದುರುಗಾಳಿಯ ಕಾಟ ನಿಮಗೆ ಗೊತ್ತೇ ಇರುತ್ತದೆ. ಪ್ಯಾರಿಸ್ಸಿನ ಸೇಂಟ್ ಲಜಾರ್ ನಿಲ್ದಾಣದಲ್ಲಿ ಶೆರ್‌ಬೂರ್ ಮಾರ್ಗದ ರೈಲು ಹತ್ತಿ ಕಾರೆಂತಾನ್‌ನಲ್ಲಿ ಇಳಿಯಿರಿ. ಸೈಕಲ್ಲಿಗೂ ಜಾಗ ಕಾಯ್ದಿರಿಸಬೇಕೇ ಎಂಬುದನ್ನು ಟಿಕೆಟ್ ತೆಗೆಯುವಾಗಲೇ ಕೇಳಿಕೊಳ್ಳಿ.

ಮೊದಲ ದಿನ ಯೂಟಾ ತೀರಕ್ಕೆ ಹೋಗಿ ಬಂದರಾಯಿತು (ಯೂಟಾ, ಒಮಾಹಾ, ಜೂನೋ, ಸೋರ್ಡ್ ಎಲ್ಲ ಪಡೆಗಳು ಇಳಿದ ತೀರಗಳಿಗೆ ಇಟ್ಟ ಗುಪ್ತನಾಮಗಳು). ಎರಡನೇ ದಿನ ಪ್ವಾಂತ್ ದು ಹೋಕ್. 1944ರ ಜೂನ್ 6ರಂದು ಅಮೆರಿಕದ ರೇಂಜರ್ ಪಡೆಯವರು ಹಗ್ಗ, ಏಣಿ ಹಿಡಿದು ಹತ್ತಿದ ಸುಮಾರು 30 ಮೀಟರ್ ಎತ್ತರದ ಕಡಿದಾದ ಕಡಲಗೋಡೆ ಅದು. ಬಾಂಬಿನ ಕುಳಿಗಳು ಇವತ್ತಿಗೂ ಹಾಗೇ ಇವೆ, ಮೇಲೆ ಹುಲ್ಲು ಬೆಳೆದಿದೆ ಅಷ್ಟೇ. ದುರ್ಗದ ಕೋಟೆ ಹತ್ತಿಳಿದವರಿಗೆ ಆ ಅಂಚಿನಲ್ಲಿ ನಿಂತರೆ ಕೆಳಗಿನಿಂದ ಏರಿದವರ ಪಾಡು ಥಟ್ಟನೆ ತಿಳಿಯುತ್ತದೆ. ಮುಂದೆ ಒಮಾಹಾ ತೀರ, ಕೋಲ್‌ವಿಲ್‌ನ ಅಮೆರಿಕನ್ ಸೈನಿಕ ಸ್ಮಶಾನ. 9,300ಕ್ಕೂ ಹೆಚ್ಚು ಸಮಾಧಿಗಳಿವೆ. ಸೈಕಲ್ಲಿಗೆ ಹೊರಗೇ ಬೀಗ ಹಾಕಿ, ಎರಡು ಗಂಟೆಯಾದರೂ ನಡೆದು ನೋಡಿ. ಇಲ್ಲಿ ಮಾತ್ರ ದಯವಿಟ್ಟು ಅವಸರ ಬೇಡ.

ಮೂರನೇ ದಿನದ ವೇಳೆಯನ್ನು ಕಡಲಿಗೇ ಬಿಡಿ. ಲಾಂಗ್-ಸುರ್-ಮೇರ್‌ನ ಜರ್ಮನ್ ಫಿರಂಗಿಗಳನ್ನು ಯಾವಾಗಲಾದರೂ ನೋಡಬಹುದು. ಅರೋಮಾಂಶ್ ಹಾಗಲ್ಲ. ಇಂಗ್ಲೆಂಡಿನಿಂದ ಎಳೆದು ತಂದು ಮುಳುಗಿಸಿದ ಕಾಂಕ್ರೀಟ್ ಪೆಟ್ಟಿಗೆಗಳಿಂದ ಮಿತ್ರಪಡೆಗಳು ಕಟ್ಟಿದ ಕೃತಕ ಬಂದರಿನ ಅವಶೇಷ ಅಲ್ಲಿದೆ. ಇಳಿತದ ಹೊತ್ತಿಗೆ ಹೋದರೆ ಮರಳಲ್ಲಿ ಕುಳಿತ ತುಂಡುಗಳ ಪಕ್ಕಕ್ಕೇ ನಡೆದು ಹೋಗಬಹುದು. ಇಳಿತ ದಿನಕ್ಕೆ ಎರಡು ಬಾರಿ, ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ವೇಳಾಪಟ್ಟಿ ನೋಡಿಕೊಂಡೇ ಹೊರಡಿ, ನೀರು ಏರತೊಡಗಿದರೆ ತಡಮಾಡದೆ ಹಿಂದಿರುಗಿ. ಸೈಕಲ್ಲನ್ನು ಮರಳಿಗೆ ಇಳಿಸಬೇಡಿ. ಎಣ್ಣೆಯ ಚೈನಿಗೆ ಅಂಟಿದ ಮರಳು ಹಲ್ಲುಚಕ್ರವನ್ನು ಅರದಂತೆ ತೇಯುತ್ತದೆ.

ಕೊನೆಯ ದಿನ 50 ಕಿ.ಮೀ. ಹತ್ತಿರವಾಗುತ್ತದೆ: ಜೂನೋ, ಸೋರ್ಡ್ ತೀರಗಳು, ಆಮೇಲೆ ವಿಸ್ತ್ರೆಯಾಂನಿಂದ ಕಾಲುವೆ ದಂಡೆಯ ಸಮತಟ್ಟು ಹಾದಿಯಲ್ಲಿ ಕಾನ್ ನಗರ. ಫ್ರಾನ್ಸಿನಲ್ಲಿ ವಾಹನಗಳು ಬಲಬದಿಯಲ್ಲಿ ಓಡುತ್ತವೆ, ನೆನಪಿರಲಿ. ಜೂನ್ 6ರ ಆಸುಪಾಸಿನಲ್ಲಿ ಜನಜಂಗುಳಿ, ಕೊಠಡಿ ಸಿಗುವುದು ಕಷ್ಟ. ಮೇ ಮಧ್ಯವೇ ಒಳ್ಳೆಯದು.

ಪ್ರಶ್ನೆ: ನನ್ನ ಗೇರ್ ಸೈಕಲ್ಲನ್ನು ವಿಮಾನದಲ್ಲಿ ಒಯ್ಯುವಾಗ ಏನು ಮುರಿಯುತ್ತದೆ?
— ಓದುಗರು, ಚಿತ್ರದುರ್ಗ

ಉತ್ತರ: ಹಿಂದಿನ ಗೇರ್ ತೂಗುವ ಹ್ಯಾಂಗರ್ ಎಂಬ ತೆಳು ತುಂಡು ಬಾಗುತ್ತದೆ. ಹೆಚ್ಚಿನ ಸೈಕಲ್ಲುಗಳಲ್ಲಿ 5 ಮಿ.ಮೀ. ಅಲೆನ್ ಕೀಲಿಯಿಂದ ಡಿರೇಲರ್, ಅಂದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಆ ಭಾಗವನ್ನು, ಬಿಚ್ಚಬಹುದು. ಬಿಚ್ಚಿ, ಬಟ್ಟೆ ಸುತ್ತಿ, ಚೌಕಟ್ಟಿನ ಒಳಬದಿಗೆ ಕಟ್ಟಿ. ನಿಮ್ಮ ಮಾದರಿಯದೇ ಹ್ಯಾಂಗರ್ ಒಂದು ಹೆಚ್ಚಿಗೆ ಇರಲಿ, ಒಂದು ಮಾದರಿಯದು ಇನ್ನೊಂದಕ್ಕೆ ಕೂರುವುದು ಅಪರೂಪ. ಪೆಡಲ್ ಬಿಚ್ಚುವಾಗ ಎಡಗಡೆಯದಕ್ಕೆ ತಿರುಪು ಉಲ್ಟಾ ಇರುತ್ತದೆ. ಸ್ಪ್ಯಾನರ್ ಮೇಲ್ಮುಖವಾಗಿ ಹಾಕಿ ಹಿಂಚಕ್ರದ ಕಡೆಗೆ ಎಳೆದರೆ ಎರಡೂ ಸಡಿಲುತ್ತವೆ. ಡಿಸ್ಕ್ ಬ್ರೇಕಾದರೆ ಚಕ್ರ ತೆಗೆದ ಕೂಡಲೇ ಪ್ಯಾಡ್‌ಗಳ ನಡುವೆ ದಪ್ಪ ರಟ್ಟಿನ ತುಂಡು ಸಿಕ್ಕಿಸಿ. ಇಲ್ಲದಿದ್ದರೆ ದಾರಿಯಲ್ಲಿ ಲಿವರ್ ಒತ್ತಿಹೋಗಿ ಪ್ಯಾಡ್‌ಗಳು ಒಂದಕ್ಕೊಂದು ಅಂಟಿ, ಅಲ್ಲಿಳಿದ ಮೇಲೆ ಚಕ್ರವೇ ಒಳಗೆ ಹೋಗುವುದಿಲ್ಲ. ಹೊಸ ಸೈಕಲ್ ಬಂದ ರಟ್ಟಿನ ಡಬ್ಬವನ್ನು ಸೈಕಲ್ ಅಂಗಡಿಯಲ್ಲಿ ಕೇಳಿ ನೋಡಿ, ಮುಂಫೋರ್ಕಿಗೆ ಸಿಕ್ಕಿಸುವ ಪ್ಲಾಸ್ಟಿಕ್ ಆಸರೆಯನ್ನೂ ಜೊತೆಗೇ ಇಸಿದುಕೊಳ್ಳಿ.