ಅಧಿಕಾರಶಾಹಿ ಬೈಗುಳವೇ?

ಪ್ರಶ್ನೆ: ನಾವು ಬೈಗುಳದಂತೆ ಬಳಸುವ ಅಧಿಕಾರಶಾಹಿಯನ್ನು ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೊಗಳಿದ್ದು ನಿಜವೇ?

ಉತ್ತರ: ಹೊಗಳಿಕೆಗಿಂತ ಅದನ್ನು ಹೋಲಿಕೆ ಎನ್ನುವುದು ಸರಿ. ಅರಸನ ಕೃಪೆಯಿಂದ ಹುದ್ದೆ ದೊರೆತು, ಆ ಹುದ್ದೆಯೇ ಸ್ವಂತ ಆಸ್ತಿಯೆನಿಸುತ್ತಿದ್ದ ಹಳೆಯ ಆಡಳಿತದ ಎದುರು, ಲಿಖಿತ ನಿಯಮ, ಮೇಲಿಂದ ಕೆಳಗಿನ ಶ್ರೇಣಿ, ಅರ್ಹತೆಯ ನೇಮಕ, ನಿಗದಿತ ಸಂಬಳ ಹಾಗೂ ಕಡತಗಳುಳ್ಳ ಕಚೇರಿಯೇ ಹೆಚ್ಚು ನಿಖರವೆಂದು, 1920ರಲ್ಲಿ ಅವರು ತೀರಿಕೊಂಡ ಬಳಿಕ ಪ್ರಕಟವಾದ ಬರಹಗಳಲ್ಲಿ ವಾದಿಸಿದ್ದಾರೆ. ಅದು ಮನುಷ್ಯನನ್ನು ಬಂಧಿಸೀತೆಂಬ ಅಳುಕೂ ಅವರಿಗಿತ್ತು. ನಿಯಮವೇ ಗುರಿಯಾಗಿಬಿಡುವ ರೋಗವನ್ನು 1940ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞ ರಾಬರ್ಟ್ ಮರ್ಟನ್ ವಿವರಿಸಿದರು. ಒಂದು ಸಹಿಗಾಗಿ ಮೂರು ಬಾರಿ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬ್ರಿಟನ್ನಿನ ಎಲೆಕ್ಟ್ರಾನಿಕ್ಸ್ ಕಂಪನಿಗಳನ್ನು ಅಭ್ಯಸಿಸಿದ ಬರ್ನ್ಸ್ ಮತ್ತು ಸ್ಟಾಕರ್, ಪರಿಸ್ಥಿತಿ ಸ್ಥಿರವಾಗಿದ್ದರೆ ಬಿಗಿ ಶ್ರೇಣಿಯೂ, ತಂತ್ರಜ್ಞಾನ ಬೇಗ ಬದಲಾಗುತ್ತಿದ್ದರೆ ಸಡಿಲ ರಚನೆಯೂ ಹೊಂದುತ್ತದೆಂದು 1961ರಲ್ಲಿ ಬರೆದರು.