ಆ ಯಂತ್ರ ಆರಿಸಬೇಡಿ

ಬೆಳಿಗ್ಗೆ ಏಳುವಾಗ ತಲೆ ಭಾರ, ಮಲಗುವ ಕೋಣೆಯ ಕಿಟಕಿ ಗಾಜಿನ ಮೇಲೆಲ್ಲ ನೀರು ಅಂತ ಬರೆದಿದ್ದೀರಿ. ಚಾವಣಿಯ ದುಂಡನೆಯ ಕಿಂಡಿಯಿಂದ ತಣ್ಣನೆಯ ಗಾಳಿ ಬರುತ್ತದೆಂದು ಬಟ್ಟೆ ತುರುಕಿದ್ದೇವೆ, ರಾತ್ರಿ ಮನೆಗೆ ಗಾಳಿಯಾಡಿಸುವ ಯಂತ್ರವನ್ನೂ ಆರಿಸುತ್ತೇವೆ, ಪರವಾಗಿಲ್ಲವಾ ಅಂತ ಕೇಳಿದ್ದೀರಿ. ಇವತ್ತೇ ಬಟ್ಟೆ ತೆಗೆಯಿರಿ, ಯಂತ್ರ ಹಾಕಿ.

ಊರಿನ ಮನೆಯಲ್ಲಿ ಗಾಳಿ ಹೇಗೆ ಆಡುತ್ತದೆಂದು ನಿಮಗೆ ಹೇಳಬೇಕಿಲ್ಲ. ಈ ಚಳಿ ದೇಶದಲ್ಲಿ ಹೊಸ ಮನೆಯನ್ನು ಬಿಸಿ ಸೋರದಂತೆ ಒಂದು ಸಂದಿಯನ್ನೂ ಬಿಡದೆ ಮುಚ್ಚಿ ಕಟ್ಟಿರುತ್ತಾರೆ. ಕಿಟಕಿ ಹಾಕಿದರೆ ಹೊರಗಾಳಿಗೆ ಆ ಯಂತ್ರವೊಂದೇ ದಾರಿ. ಅದು ಬಚ್ಚಲು, ಅಡುಗೆಮನೆಯ ಗಾಳಿಯನ್ನು ಹೊರಗೆ ಎಳೆಯುತ್ತದೆ. ಅದರ ಬಿಸಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚನ್ನು ಒಳಗೆ ಬರುವ ಗಾಳಿಗೆ ದಾಟಿಸಿ ಮಲಗುವ ಕೋಣೆಗಳಿಗೆ ಬಿಡುತ್ತದೆ. ಸಾಮಾನ್ಯ ವೇಗದಲ್ಲಿ 20ರಿಂದ 40 ವ್ಯಾಟ್ ಕರೆಂಟು ಸಾಕು. ಅದನ್ನು ಆರಿಸಿ ಉಳಿಸುವಂಥದ್ದು ಏನೂ ಇಲ್ಲ.

ಆರಿಸಿದರೆ ಏನಾಗುತ್ತದೆ? ಬಾಗಿಲು ಹಾಕಿ ಇಬ್ಬರು ಮಲಗಿದ ಕೋಣೆಯಲ್ಲಿ ಬೆಳಗಿನ ಹೊತ್ತಿಗೆ ಇಂಗಾಲದ ಡೈಆಕ್ಸೈಡ್ 2000 ಪಿಪಿಎಂ (ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 2000 ಪಾಲು) ಸುಲಭವಾಗಿ ದಾಟುತ್ತದೆ. 1000ದ ಒಳಗಿದ್ದರೆ ಒಳ್ಳೆಯದು. ಇಬ್ಬರ ಉಸಿರು, ಬೆವರಿನಿಂದ ರಾತ್ರಿಗೆ ಸುಮಾರು ಅರ್ಧ ಲೀಟರ್ ನೀರು ಬೇರೆ ಸೇರುತ್ತದೆ. ಗಾಜಿನ ಮೇಲಿನದನ್ನು ಒರೆಸಬಹುದು. ಬೀರುವಿನ ಹಿಂದೆ, ಹೊರಗೋಡೆಯ ಮೂಲೆಯಲ್ಲಿ ಕೂತದ್ದು ಕಣ್ಣಿಗೆ ಬೀಳುವುದಿಲ್ಲ. ಗೋಡೆಯ ಮೈಯಲ್ಲಿ ತೇವಾಂಶ ಶೇ. 80 ಮೀರಿ ಕೆಲವು ದಿನ ನಿಂತರೆ ಸಾಕು, ಬೂಷ್ಟು. ಬಂದ ಹೊಸತರಲ್ಲಿ ನಾವೂ ಒಂದು ಚಳಿಗಾಲ ಪೂರ್ತಿ ಯಂತ್ರ ಆರಿಸಿಟ್ಟಿದ್ದೆವು. ಬೂಷ್ಟು ಹಿಡಿದದ್ದು ಮಗುವಿನ ಮಂಚದ ಹಿಂದಿನ ಗೋಡೆಗೆ. ಆ ಸಂಕಟ ನನಗೆ ಇನ್ನೂ ಹೋಗಿಲ್ಲ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ. ಬೀರು, ಮಂಚ ಹೊರಗೋಡೆಯಿಂದ ಐದು ಸೆಂಟಿಮೀಟರಾದರೂ ದೂರ ಇರಲಿ. ಒಂದು ತೇವಾಂಶ ಮೀಟರ್ ತಂದಿಡಿ, ಶೇ. 40ರಿಂದ 60ರ ನಡುವೆ ಇರಬೇಕು, ಕಡು ಚಳಿಯಲ್ಲಿ 50 ದಾಟದಿದ್ದರೆ ವಾಸಿ.

ಈಗ ಫಿಲ್ಟರ್. ಮೇನ್ ಸ್ವಿಚ್ ಆರಿಸಿ ಯಂತ್ರದ ಮುಂದಿನ ಮುಚ್ಚಳ ತೆಗೆದರೆ ಸಾಮಾನ್ಯವಾಗಿ ಎರಡು ಇರುತ್ತವೆ: ಹೊರಗಾಳಿಯ ಕಡೆ ಸಣ್ಣ ನೇಯ್ಗೆಯದು, ಮನೆಗಾಳಿಯ ಕಡೆ ದೊರಗಿನದು. ಅಂಚಿನಲ್ಲಿ ಬಾಣದ ಗುರುತಿರುತ್ತದೆ, ಗಾಳಿ ಹರಿಯುವ ದಿಕ್ಕಿಗೇ ಇರಬೇಕು. ಹೊರಗಾಳಿಯದು ಕಪ್ಪಿಟ್ಟಿದ್ದರೆ ವ್ಯಾಕ್ಯೂಮ್ ಹಿಡಿದು ಪ್ರಯೋಜನವಿಲ್ಲ, ಹೊಸದೇ ಹಾಕಬೇಕು. ಆರು ತಿಂಗಳಿಗೊಮ್ಮೆ, ದೊಡ್ಡ ರಸ್ತೆ ಪಕ್ಕದಲ್ಲಿದ್ದರೆ ಮೂರು. ಹಾಕಿದ ತಾರೀಖನ್ನು ಪೆನ್ನಿನಲ್ಲಿ ಅದರ ಅಂಚಿಗೇ ಬರೆದಿಡಿ. ಅದು ಕಟ್ಟಿಕೊಂಡರೆ ಒಳಗೆ ಬರುವ ಗಾಳಿ ಕಡಿಮೆಯಾಗುತ್ತದೆ, ಹೊರಗೆ ಎಳೆಯುವುದು ಮಾತ್ರ ನಿಲ್ಲುವುದಿಲ್ಲ.

ಕಿಂಡಿಯ ನಡುವಿನ ಬಿಲ್ಲೆಯನ್ನು ತಿರುಗಿಸಬೇಡಿ. ಪ್ರತಿ ಕೋಣೆಗೆ ಇಷ್ಟೇ ಗಾಳಿ ಎಂದು ಅಳೆದು ಕೂರಿಸಿರುತ್ತಾರೆ. ಗಾಳಿ ನಿಜಕ್ಕೂ ಕೊರೆಯುತ್ತಿದ್ದರೆ ಬಿಸಿ ದಾಟಿಸದೆ ಹೊರಗಾಳಿಯನ್ನು ನೇರ ಒಳಗೆ ಬಿಡುವ ಬೇಸಿಗೆಯ ಬೈಪಾಸ್ ತೆರೆದೇ ಉಳಿದಿರಬಹುದು, ಇಲ್ಲವೇ ಅಟ್ಟದಲ್ಲಿ ಪೈಪಿಗೆ ಸುತ್ತಿದ ಹೊದಿಕೆ ಬಿಟ್ಟಿರಬಹುದು; ಮನೆ ಮಾಲೀಕರಿಗೆ ಇದನ್ನೇ ಹೇಳಿ. ಒಳಬಾಗಿಲುಗಳ ಕೆಳಗಿನ ಒಂದು ಸೆಂಟಿಮೀಟರ್ ಸಂದಿ ಗಾಳಿ ದಾಟಲೆಂದೇ ಬಿಟ್ಟದ್ದು, ಮ್ಯಾಟ್ ಅಡ್ಡ ಹಾಕಬೇಡಿ.

ಒಲೆಯ ಮೇಲಿನ ಚಿಮಣಿ ಹೊರಗೆ ಬಿಡುತ್ತದೋ, ಇದ್ದಿಲಿನ ಫಿಲ್ಟರಿನಲ್ಲಿ ಸೋಸಿ ಒಳಗೇ ಬಿಡುತ್ತದೋ ನೋಡಿ. ಒಳಗೇ ಬಿಡುವುದಾದರೆ ಆವಿ ಪೂರ್ತಿ ಮನೆಯಲ್ಲೇ ಉಳಿಯುತ್ತದೆ. ಆಗ ಯಂತ್ರವನ್ನು ಜೋರಾಗಿ ಓಡಿಸುವ ಬೂಸ್ಟ್ ಗುಂಡಿ ಒತ್ತಿ. ಹಿಂದಿನ ಸಾಲಿನ ಒಲೆಯಲ್ಲಿ ಅಡುಗೆ ಮಾಡಿ, ಆದ ಮೇಲೂ ಕಾಲು ಗಂಟೆ ಓಡಲಿ. ಮನೆಯಲ್ಲಿ ಕಟ್ಟಿಗೆ ಸ್ಟವ್ ಇದ್ದರೆ ಎಚ್ಚರ: ಹೊರಗೆಳೆಯುವ ಚಿಮಣಿ ಅದರ ಹೊಗೆಯನ್ನು ವಾಪಸ್ ಒಳಕ್ಕೆ ಎಳೆಯಬಲ್ಲದು. ಕಿಟಕಿ ಸ್ವಲ್ಪ ತೆರೆದಿರಿ. ಹೊಗೆಯಲ್ಲಿನ ವಿಷಾನಿಲ ಕಾರ್ಬನ್ ಮೊನಾಕ್ಸೈಡ್ ಪತ್ತೆಹಚ್ಚುವ ಅಲಾರಂ ಇಲ್ಲದೆ ಆ ಸ್ಟವ್ ಹಚ್ಚಲೇಬೇಡಿ.

ಒಂದು ಸಲದ ಒಗೆದ ಬಟ್ಟೆ ಎರಡು ಲೀಟರ್‌ವರೆಗೆ ನೀರು ಬಿಡುತ್ತದೆ, ಬಚ್ಚಲಲ್ಲೇ ಒಣಗಿಸಿ. ಕುಂಡದ ಗಿಡಗಳಿಂದ ಗಾಳಿ ಶುದ್ಧವಾಗುವುದು ಲೆಕ್ಕಕ್ಕಿಲ್ಲ. ಏರ್ ಪ್ಯೂರಿಫೈಯರ್ ಧೂಳು ಹಿಡಿಯುತ್ತದೆ, ಇಂಗಾಲದ ಡೈಆಕ್ಸೈಡನ್ನು ಇಳಿಸುವುದಿಲ್ಲ.

ಯಂತ್ರ ಹಾಕಿದ ಮೇಲೆ ಬಚ್ಚಲಿನ ಕಿಂಡಿಗೆ ಒಂದು ಟಿಶ್ಯೂ ಹಾಳೆ ಹಿಡಿದು ನೋಡಿ. ಅಂಟಿ ನಿಂತರೆ ಎಳೆಯುತ್ತಿದೆ. ಉದುರಿ ಬಿದ್ದರೆ ಮೊದಲು ಫಿಲ್ಟರ್ ನೋಡಿ, ಆಮೇಲೆ ನನಗೆ ಬರೆಯಿರಿ.